ವಸಿಷ್ಠನ ಟೆನ್ಷನರ್

ವಸಿಷ್ಠನ ನೆಮ್ಮದಿ ಕೆಡಿಸಿದ್ದು ಹೆಬ್ಬೆರಳ ಗಾತ್ರದ ಒಂದು ಲೋಹದ ತುಂಡು. ಅಂಥದ್ದೊಂದು ತನ್ನ ಬೈಕಿನೊಳಗೆ ಇದೆ ಎನ್ನುವುದೇ ಇಷ್ಟು ವರ್ಷ ಅವನಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಊಟ ಸೇರಲಿಲ್ಲ.

ಬೈಕಿನ ಹೆಸರು ಶರಭ. ಕಂಪನಿಯವರು ಅದನ್ನು ತಯಾರಿಸುವುದನ್ನು ನಿಲ್ಲಿಸಿ ಕಾಲವಾಗಿತ್ತು. ಅಳಿದುಳಿದ ಶರಭಗಳ ಮಾಲೀಕರೆಲ್ಲ ಸೇರಿ ವಾಟ್ಸಾಪಿನಲ್ಲಿ ಒಂದು ಗುಂಪು ಕಟ್ಟಿಕೊಂಡು, ವಯಸ್ಸಾದ ಸೋದರತ್ತೆಯ ಮಂಡಿನೋವು ವಿಚಾರಿಸುವಷ್ಟು ಕಾಳಜಿಯಿಂದ ಪರಸ್ಪರರ ಬೈಕುಗಳ ಕ್ಷೇಮಸಮಾಚಾರ ವಿಚಾರಿಸಿಕೊಳ್ಳುತ್ತಿದ್ದರು. ಆ ಗುಂಪಿನಲ್ಲಿ ಯಾರೋ ಪುಣ್ಯಾತ್ಮರು ಬರೆದಿದ್ದರು: ಶರಭದ ಎಂಜಿನ್ನಿಗೆ ಇರುವುದು ಒಂದೇ ಕೊರತೆ, ಟೈಮಿಂಗ್ ಚೈನಿನ ಟೆನ್ಷನರ್. ಚೈನು ಸಡಿಲವಾಗದಂತೆ ಒತ್ತಿ ಹಿಡಿಯುವ ಭಾಗ ಅದು, ವಯಸ್ಸಾದಂತೆ ಸೋಲುತ್ತದೆ. ಟಕಟಕ ಶಬ್ದ ಬರುತ್ತಿದ್ದರೆ ಕೂಡಲೇ ಬಿಚ್ಚಿ ನೋಡಿ. ನಿರ್ಲಕ್ಷ್ಯ ಮಾಡಿ ಚೈನು ಹಲ್ಲು ಹಾರಿತೋ, ಎಂಜಿನ್ನಿನ ಒಳಗಿರುವುದೆಲ್ಲ ಒಂದಕ್ಕೊಂದು ಗುದ್ದಿಕೊಂಡು ಪುಡಿಪುಡಿ.

ವಸಿಷ್ಠ ಕೆಳಗೋಡಿ ಬೈಕು ಸ್ಟಾರ್ಟ್ ಮಾಡಿ ಕಿವಿಗೊಟ್ಟ. ಟಕಟಕ, ಟಕಟಕ. ಅದು ಇಂದಿನ ಶಬ್ದವೇನೂ ಅಲ್ಲ. ಆದರೆ ಅಲ್ಲಿಯವರೆಗೆ ಅದನ್ನು ಶರಭದ ದನಿ ಎಂದೇ ತಿಳಿದಿದ್ದ.

"ಆ ಶಬ್ದ ನಮ್ಮ ಮದುವೆಗೆ ಮುಂಚೆಯಿಂದ ಇದೆ ರೀ," ಎಂದಳು ಹೆಂಡತಿ ವಿಭಾ. "ನೀವು ಇನ್ನೂ ಕತ್ರಿಗುಪ್ಪೆ ಸಿಗ್ನಲ್‌ನಲ್ಲಿ ಇರುವಾಗಲೇ ನನಗೆ ಇಲ್ಲಿ ಕೇಳ್ಸುತ್ತೆ. ಆಗ ಕಾಫಿಗೆ ಹಾಲಿಟ್ರೆ ಸರಿಹೋಗುತ್ತೆ."

"ಮೆಕ್ಯಾನಿಕ್‌ನ ಕೇಳಿದೆ. ಓಡ್ತಾ ಇದೆಯಲ್ಲ ಸಾರ್, ಸುಮ್ನೆ ಯಾಕೆ ಕೈ ಹಾಕ್ತೀರಾ ಅಂತಾನೆ. ನಾನೇ ಬಿಚ್ತೀನಿ. ಹೊಸ ಟೆನ್ಷನರ್ ತರಿಸಿದೀನಿ."

ವಿಭಾ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟಳು. ಅವಳು ಲೋಟ ಕೆಳಗಿಟ್ಟಳೆಂದರೆ ಏನೋ ತೀರ್ಮಾನ ಆಗಿದೆ ಎಂದೇ ಅರ್ಥ.

"ಸರಿ. ಭಾನುವಾರ ಸಾಯಂಕಾಲ ನಮ್ಮ ಆಫೀಸಿನ ವಿಷ್ಣು ಬರ್ತಾರೆ. ಅವರಿಗೆ ಒಂದು ಹಳೇ ಟೂವೀಲರ್ ಬೇಕಂತೆ. ಅಷ್ಟರಲ್ಲಿ ಈ ಟಕಟಕ ನಿಂತ್ರೆ ಬೈಕು ಉಳಿಯುತ್ತೆ. ನಿಲ್ಲಲಿಲ್ಲ ಅಂದ್ರೆ ಅವರು ತಗೊಂಡು ಹೋಗ್ತಾರೆ. ಒಪ್ಪಿಗೇನಾ?"

ಒಪ್ಪದೆ ವಿಧಿಯಿರಲಿಲ್ಲ. ಆ ಬೈಕಿನಲ್ಲಿ ವಸಿಷ್ಠ ಕೆಲಸಕ್ಕೆ ಸೇರಿದ ಮೊದಲ ದಿನ ಜಯನಗರದ ಬ್ಯಾಂಕಿಗೆ ಹೋಗಿದ್ದ. ಅದರ ಮೇಲೆ ಕೂತೇ ಮೂರು ಸಲ ಬಡ್ತಿ ಕೈತಪ್ಪಿ ಮನೆಗೆ ವಾಪಸು ಬಂದಿದ್ದ. ಮೂರು ಸಲವೂ ಶರಭ ಅವನನ್ನು ಏನೂ ಕೇಳಿರಲಿಲ್ಲ.

ಭಾನುವಾರ ಬೆಳಗಿನ ತಿಂಡಿ ಮುಗಿಸಿ ವಸಿಷ್ಠ ಹಳೇ ಪಂಚೆಯೊಂದನ್ನು ಹಾಸಿ, ಅದರ ಮೇಲೆ ಸ್ಪ್ಯಾನರುಗಳನ್ನು ಜೋಡಿಸಿ ಕೂತ. ಇಟ್ಟಮಡುವಿನ ಆ ಮನೆಯ ಮುಂದಿನ ಜಾಗದಲ್ಲಿ ಶರಭ ದೊಡ್ಡ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಮೊದಲು ಪ್ಲಗ್ ತೆಗೆದ. ಕೈಗೆ ಅಡ್ಡ ಬರುತ್ತದೆಂದು ಕ್ಲಚ್ ಕೇಬಲ್ ಬಿಚ್ಚಿ ಪಕ್ಕಕ್ಕಿಟ್ಟ. ಗಾಡಿಯನ್ನು ಮೇಲಿನ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ, ಎಂಜಿನ್ನಿನ ಗುರುತು ಸರಿಯಾದ ಜಾಗಕ್ಕೆ ಬಂದಾಗ ಉಸಿರು ಬಿಗಿಹಿಡಿದು ನಿಲ್ಲಿಸಿದ. ಇನ್ನು ಟೆನ್ಷನರ್ ಹೊರಗೆ ತೆಗೆದು ಹೊಸದು ಕೂರಿಸುವವರೆಗೂ ಎಂಜಿನ್ ಕೂದಲೆಳೆಯಷ್ಟೂ ತಿರುಗಬಾರದು. ಗುಂಪಿನವರು ಅದನ್ನು ಮೂರು ಮೂರು ಸಲ ಹೇಳಿದ್ದರು.

"ಏನ್ರೀ ವಸಿಷ್ಠ, ಬೆಳಗ್ಗೆ ಬೆಳಗ್ಗೇನೇ ಆಪರೇಷನ್ನಾ?"

ಮನೆ ಮಾಲೀಕ ಸೋಮಲಿಂಗಪ್ಪ ಪೇಪರು ಮಡಿಸಿ ಕಂಕುಳಲ್ಲಿಟ್ಟುಕೊಂಡು ಬಂದರು. ವಿದ್ಯುತ್ ಇಲಾಖೆಯಿಂದ ನಿವೃತ್ತರಾದವರು. ಲೋಕದ ಸಕಲ ತೊಂದರೆಗಳಿಗೂ ಅವರು ಒಂದೇ ಕಾರಣ ಕಂಡುಕೊಂಡಿದ್ದರು.

"ಅರ್ಥಿಂಗ್ ಚೆಕ್ ಮಾಡಿದ್ರಾ?"

"ಇದು ಕರೆಂಟಿನ ಸಮಸ್ಯೆ ಅಲ್ಲ ಸಾರ್. ಟೆನ್ಷನರ್."

"ಟೆನ್ಷನ್ ಯಾಕೆ ಆಗುತ್ತೆ? ಅರ್ಥಿಂಗ್ ಸರಿಯಿಲ್ಲದೇ ಇದ್ರೆ ಆಗುತ್ತೆ. ಹೋದ ತಿಂಗಳು ನಮ್ಮ ಫ್ರಿಜ್ಜಿಗೂ ಹಿಂಗೇ ಆಗಿತ್ತು."

ಅಷ್ಟರಲ್ಲಿ ಎದುರುಮನೆಯ ಚೂಡಾಮಣಿ ಮಿಸ್ ಗೇಟು ತೆಗೆದುಕೊಂಡು ಬಂದರು. ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾಗಿದ್ದರೂ ಕೈಯಿಂದ ಸ್ಟೀಲ್ ಸ್ಕೇಲು ಮಾತ್ರ ನಿವೃತ್ತಿಯಾಗಿರಲಿಲ್ಲ. ಸೋಮಲಿಂಗಪ್ಪನವರ ಅಂಗಳದಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತದೆಂದು ಅವರು ಅಲ್ಲಿ ಒಂದು ಸೀರೆ ಹಾಸಿ ಸಾಲುಸಾಲಾಗಿ ಅಕ್ಕಿ ಸಂಡಿಗೆ ಇಟ್ಟಿದ್ದರು. ಕಾಗೆ ಓಡಿಸಲು ಬಂದವರಿಗೆ ಬೈಕು ಕಾಣಿಸಿತು.

"ಏನು ಮಾಡ್ತಾ ಇದೀಯಾ? ಜೋರಾಗಿ ಹೇಳು, ಎಲ್ಲರಿಗೂ ಕೇಳಿಸ್ಲಿ."

ವಸಿಷ್ಠ ಅವರ ವಿದ್ಯಾರ್ಥಿಯಲ್ಲ. ಆದರೂ ಎದ್ದು ನಿಂತು ಹೇಳಿದ. "ಇದನ್ನ ಬಿಚ್ಚಿ ನೋಡ್ತೀನಿ ಮಿಸ್. ಅಲ್ಲಿವರೆಗೂ ಯಾರೂ ಚಕ್ರ ಮುಟ್ಟಬಾರದು."

"ಯಾರೂ ಚಕ್ರ ಮುಟ್ಟಬಾರದು!" ಎಂದು ಮಿಸ್ ಸ್ಕೇಲು ಎತ್ತಿ ಘೋಷಿಸಿದರು. ಅಲ್ಲಿದ್ದದ್ದು ಸೋಮಲಿಂಗಪ್ಪ ಒಬ್ಬರೇ. ಅವರು ಕೈ ಹಿಂದಕ್ಕೆ ಕಟ್ಟಿಕೊಂಡರು.

ಮೂರನೆಯವನಾಗಿ ಬಂದವನು ಸೀನು. ಮೇಲಿನ ಕೋಣೆಯ ಬಾಡಿಗೆದಾರ. ಜಿಮ್ಮಿನಲ್ಲಿ ಬೆಳೆಸಿದ ತೋಳುಗಳಿಗೆ ಮನೆಯಲ್ಲಿ ಏನೂ ಕೆಲಸ ಸಿಗದೆ, ಎಲ್ಲಿ ಏನು ಎತ್ತಬೇಕೋ, ತಿರುಪಬೇಕೋ ಎಂದು ಹುಡುಕಿಕೊಂಡು ಓಡಾಡುವವನು.

"ಗುರು, ಒಬ್ಬನೇ ಯಾಕೆ ಒದ್ದಾಡ್ತೀಯಾ? ನಾನಿದೀನಲ್ಲ!"

"ನೀನು ಇರೋದೇ ಭಯ ಮಾರಾಯ. ಸುಮ್ನೆ ನಿಂತ್ಕೋ."

ವಸಿಷ್ಠ ಎರಡು ಬೋಲ್ಟು ಬಿಚ್ಚಿ ಹಳೇ ಟೆನ್ಷನರನ್ನು ಹೊರಕ್ಕೆಳೆದ. ಅದರ ತುದಿಯಲ್ಲೊಂದು ಚಿಕ್ಕ ಕಡ್ಡಿ. ಹೊರಗೆ ಬಂದ ಕಡ್ಡಿ ಎಷ್ಟು ಒತ್ತಿದರೂ ಒಳಗೆ ಹೋಗಬಾರದು. ಚೈನಿನ ಬಿಗಿ ನಿಂತಿರುವುದೇ ಅದರ ಮೇಲೆ. ವಸಿಷ್ಠ ಹೆಬ್ಬೆರಳಿಂದ ಮೆಲ್ಲಗೆ ಒತ್ತಿದ. ಕಡ್ಡಿ, ಕೆಟ್ಟ ಸಾಲಗಾರ ಬ್ಯಾಂಕಿನವರನ್ನು ಕಂಡು ಒಳಕೋಣೆಗೆ ಸರಿದಂತೆ, ಸದ್ದಿಲ್ಲದೆ ಒಳಗೆ ಹೋಯಿತು.

"ನೋಡಿದ್ರಾ! ನೋಡಿದ್ರಾ!" ಎಂದು ಕೂಗಿದ. ರೋಗ ಇದೆಯೆಂದು ಖಾತ್ರಿಯಾದದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ಆ ಬೀದಿ ಕಂಡಿರಲಿಲ್ಲ. ಸೋಮಲಿಂಗಪ್ಪನವರೂ ಒತ್ತಿ ನೋಡಿದರು. ಮಿಸ್ಸೂ ಒತ್ತಿದರು. ಮಹಡಿಯ ಮೇಲಿಂದ ನೋಡುತ್ತಿದ್ದ ವಿಭಾಳನ್ನು ಕರೆದು ತೋರಿಸಿದ.

"ಸರಿ, ಸೋತಿದೆ. ಈಗ ಗೆಲ್ಲಿಸಿ," ಎಂದು ಅವಳು ಒಳಗೆ ಹೋದಳು.

ಎಲ್ಲರೂ ಹಳೆಯದನ್ನು ಒತ್ತುತ್ತಿದ್ದಾಗ ಸೀನು ಹೊಸದನ್ನು ಎತ್ತಿಕೊಂಡಿದ್ದ. ಅದರ ಹಿಂಭಾಗದಲ್ಲಿ ಒಂದು ಬೋಲ್ಟು ಕಾಣಿಸಿತು. ಬೋಲ್ಟು ಕಂಡಮೇಲೆ ಬಿಚ್ಚದೆ ಇರುವುದು ಸೀನುವಿನ ಕೈಲಾಗದ ಕೆಲಸ.

'ಟಪ್' ಎಂದಿತು. ಒಳಗಿದ್ದ ಸ್ಪ್ರಿಂಗು ಬೆಳ್ಳಗೆ ಮಿಂಚಿ, ಗಾಳಿಯಲ್ಲಿ ಕಮಾನು ಬರೆದು, ಸಂಡಿಗೆಯ ಸೀರೆಯ ಮೇಲೆಲ್ಲೋ ಬಿದ್ದು ಮಾಯವಾಯಿತು.

ಎಲ್ಲರೂ ಸೀರೆಯತ್ತ ತಿರುಗಿದರು.

"ಸಾರಿ ಗುರು. ಏನಿದು ಅಂತ ನೋಡ್ದೆ ಅಷ್ಟೇ."

"ನನ್ನ ಸಂಡಿಗೆ!" ಎಂದರು ಮಿಸ್.

"ನನ್ನ ಸ್ಪ್ರಿಂಗು!" ಎಂದ ವಸಿಷ್ಠ.

ಹಸಿ ಸಂಡಿಗೆಯ ನಡುವೆ ಸ್ಪ್ರಿಂಗು ಹುಡುಕುವುದೆಂದರೆ ಸಾಮಾನ್ಯವಲ್ಲ. ಎರಡೂ ಸುತ್ತಿಕೊಂಡೇ ಇರುವ ವಸ್ತುಗಳು. ಸೀನು ಕೈ ಹಾಕಿದಲ್ಲೆಲ್ಲ ಒಂದೊಂದು ಸಂಡಿಗೆ ಅವನ ಬೆರಳಿಗೆ ಅಂಟಿಕೊಂಡು ಬಂತು. ಕೊನೆಗೆ ಮಿಸ್ ಅವನನ್ನು ಹಿಂದಕ್ಕೆ ಸರಿಸಿ, ಉತ್ತರಪತ್ರಿಕೆ ತಿದ್ದುವವರಂತೆ ಮೊದಲ ಸಾಲಿನಿಂದ ಶುರುಮಾಡಿ ಸ್ಕೇಲಿನ ತುದಿಯಿಂದ ಒಂದೊಂದನ್ನೇ ತಟ್ಟುತ್ತ ಹೋದರು. ಮೂಲೆಯ ಸಂಡಿಗೆಯೊಂದು ಮೆತ್ತಗಾಗದೆ 'ಟಿಂಗ್' ಎಂದಿತು.

"ಸಿಕ್ತು. ಇದಕ್ಕೆ ಇಂಗು ಜಾಸ್ತಿ ಅಂಟಿದೆ, ತೊಳ್ಕೊ."

ವಸಿಷ್ಠ ಸ್ಪ್ರಿಂಗನ್ನು ಪೆಟ್ರೋಲಿನಲ್ಲಿ ತೊಳೆಯುತ್ತಿರುವಾಗ ಬೀದಿಯಲ್ಲಿ ಹಾರ್ನು ಕೇಳಿಸಿತು. ನೀರಿನ ಟ್ಯಾಂಕರು. ಸಂಪಿನಲ್ಲಿ ನೀರು ತಳ ಕಂಡಿತ್ತು. ಸೋಮಲಿಂಗಪ್ಪ ಎರಡು ದಿನದಿಂದ ಫೋನ್ ಮಾಡಿ ಮಾಡಿ ಅದರ ಡ್ರೈವರನ್ನು ಒಪ್ಪಿಸಿದ್ದರು. ಮತ್ತು ಸಂಪಿನ ಮುಚ್ಚಳ ಇದ್ದದ್ದು ಸರಿಯಾಗಿ ಶರಭದ ಹೊಟ್ಟೆಯ ಕೆಳಗೆ.

"ಅಣ್ಣಾ, ಗಾಡಿ ತೆಗೀರಿ. ಇನ್ನೂ ನಾಲ್ಕು ಮನೆ ಇದೆ ನಂಗೆ," ಎಂದು ಡ್ರೈವರು ಪೈಪು ಹೆಗಲಿಗೇರಿಸಿಕೊಂಡು ಬಂದ.

"ಅರ್ಧ ಗಂಟೆ ಕೊಡಪ್ಪ. ಎಂಜಿನ್ ಬಿಚ್ಚಿದೀನಿ."

"ಅರ್ಧ ಗಂಟೆನಾ? ಹಂಗಾದ್ರೆ ನಾಡಿದ್ದು ಬರ್ತೀನಿ ಬಿಡಿ."

"ನಾಡಿದ್ದಾ!" ಸೋಮಲಿಂಗಪ್ಪ ನಡುಗಿದರು. "ವಸಿಷ್ಠ, ತಳ್ಳಿ ಅದನ್ನ ಆ ಕಡೆ."

"ತಳ್ಳೋ ಹಾಗಿಲ್ಲ ಸಾರ್. ಗೇರಲ್ಲಿದೆ. ಚಕ್ರ ತಿರುಗಿದ್ರೆ ಎಂಜಿನ್ ತಿರುಗುತ್ತೆ, ಚೈನು ಹಲ್ಲು ಹಾರುತ್ತೆ."

"ಕ್ಲಚ್ ಹಿಡ್ಕೊಂಡು ತಳ್ರೀ."

"ಕ್ಲಚ್ ಕೇಬಲ್ ಬಿಚ್ಚಿಟ್ಟಿದೀನಿ ಸಾರ್."

"ಮನೇಲಿ ಸ್ನಾನಕ್ಕೆ ನೀರಿಲ್ಲ, ನೀವು ಎಲ್ಲಾನೂ ಬಿಚ್ಚಿಟ್ಟಿದೀರಲ್ರೀ!"

ಸೀನುವಿನ ಮುಖ ಅರಳಿತು. ಇಡೀ ಜೀವನ ಅವನು ಕಾಯುತ್ತಿದ್ದ ಗಳಿಗೆ ಅದು. "ತಳ್ಳೋದು ಯಾಕೆ? ಎತ್ತೋಣ!"

ಹಿಂದಿನಿಂದ ಸೀನು ಹಿಡಿದ. ಮುಂದೆ ಡ್ರೈವರು, ಒಂದು ಪಕ್ಕ ವಸಿಷ್ಠ, ಇನ್ನೊಂದು ಪಕ್ಕ ಸೋಮಲಿಂಗಪ್ಪ. ಸೋಮಲಿಂಗಪ್ಪನವರು ಎತ್ತುತ್ತಿದ್ದರೋ ಬೈಕನ್ನು ಹಿಡಿದು ತಾವು ನಿಂತಿದ್ದರೋ ಹೇಳುವುದು ಕಷ್ಟ. ಮಿಸ್ ಅವರೆದುರು ಹಿಮ್ಮುಖವಾಗಿ ನಡೆಯುತ್ತ ಸ್ಕೇಲು ಬೀಸಿ, "ಎಡ! ಎಡ ಅಂದ್ರೆ ನಿಮ್ಮ ಎಡ! ಯಾರೂ ಚಕ್ರ ಮುಟ್ಟಬಾರದು!" ಎನ್ನುತ್ತಿದ್ದರು. ಒಂದು ಕಡೆ ಸಂಡಿಗೆ, ಇನ್ನೊಂದು ಕಡೆ ವಿಭಾಳ ಸ್ಕೂಟರು; ಅಂಗಳದಲ್ಲಿ ಜಾಗವಿರಲಿಲ್ಲ, ಗೇಟಿನಿಂದಾಚೆ ಬೀದಿಗೇ ಹೋಗಬೇಕಾಯಿತು. ಶರಭ ನಾಲ್ವರ ಕೈಮೇಲೆ, ಉತ್ಸವಮೂರ್ತಿಯ ಗಾಂಭೀರ್ಯದಲ್ಲಿ, ಚಕ್ರ ಅಲುಗದೆ ಹೊರಟಿತು. ದೇವಸ್ಥಾನದಿಂದ ಹಣ್ಣುಕಾಯಿ ಬುಟ್ಟಿ ಹಿಡಿದು ಬರುತ್ತಿದ್ದ ಅಜ್ಜಿಯೊಬ್ಬರು ಚಪ್ಪಲಿ ಬಿಟ್ಟು, ಪಕ್ಕಕ್ಕೆ ಸರಿದು, ಅಭ್ಯಾಸಬಲದಿಂದ ಕೈಮುಗಿದರು.

"ಯಾವ ದೇವರಪ್ಪಾ?"

"ಶರಭೇಶ್ವರ ಅಜ್ಜಿ," ಎಂದ ಸೀನು ಏದುಸಿರಲ್ಲೇ. ಅಜ್ಜಿ ಹೂವಿನ ಎಸಳೊಂದನ್ನು ಪೆಟ್ರೋಲ್ ಟ್ಯಾಂಕಿನ ಮೇಲಿಟ್ಟು ಹೋದರು.

ನೀರು ತುಂಬಿತು. ಟ್ಯಾಂಕರು ಹೋಯಿತು. ಮಧ್ಯಾಹ್ನದ ಬಿಸಿಲಿನಲ್ಲಿ, ಬೀದಿಯಲ್ಲಿಯೇ ಕುಕ್ಕರಗಾಲಿನಲ್ಲಿ ಕೂತು ವಸಿಷ್ಠ ಸ್ಪ್ರಿಂಗನ್ನು ಒಳಗೆ ಸೇರಿಸಿ ಹೊಸ ಟೆನ್ಷನರ್ ಕೂರಿಸಿದ. ಹೋಗಿಬರುವವರೆಲ್ಲ ನಿಂತು ಒಂದೊಂದು ಸಲಹೆ ಕೊಟ್ಟರು. ಅವನು ಎಲ್ಲಕ್ಕೂ "ಹ್ಞೂಂ" ಎಂದು ತನ್ನ ಪಾಡಿಗೆ ತಾನು ಬೋಲ್ಟು ಬಿಗಿದ. ಕ್ಲಚ್ ಕೇಬಲ್ ಸಿಕ್ಕಿಸಿದ. ಪ್ಲಗ್ ಹಾಕಿದ. ಹಿಂದಿನ ಚಕ್ರವನ್ನು ಮೊದಲು ಕೈಯಲ್ಲೇ ನಿಧಾನವಾಗಿ ತಿರುಗಿಸಿ ನೋಡಿದ. ಒಳಗೆ ಎಲ್ಲೂ ತಡೆಯಲಿಲ್ಲ. ಗೇರು ತೆಗೆದು, ಮನಸ್ಸಿನಲ್ಲೇ ಕುಲದೇವರನ್ನು ನೆನೆದು ಕಿಕ್ ಹೊಡೆದ.

ಶರಭ ಮಿಸುಕಲಿಲ್ಲ.

ಮತ್ತೆ ಹೊಡೆದ. ಮತ್ತೆ ಮತ್ತೆ ಹೊಡೆದ. ಸೀನು ಹೊಡೆದ. ಬೆವರು ಬಂತೇ ಹೊರತು ಎಂಜಿನ್ ಬರಲಿಲ್ಲ. ವಸಿಷ್ಠನ ಕಣ್ಣ ಮುಂದೆ ಹಲ್ಲು ಹಾರಿದ ಚೈನು, ಪುಡಿಯಾದ ಎಂಜಿನ್, ಕೈಬೀಸಿಕೊಂಡು ಬರುತ್ತಿರುವ ವಿಷ್ಣು, ಎಲ್ಲ ಸಾಲಾಗಿ ಬಂದು ನಿಂತವು. ಬೀದಿಯಲ್ಲೇ ಕುಸಿದು ಕೂತ.

"ಕರೆಂಟ್ ಬರ್ತಾ ಇಲ್ಲ," ಎಂದರು ಸೋಮಲಿಂಗಪ್ಪ.

"ಸಾರ್, ದಯವಿಟ್ಟು. ಇದು ಅರ್ಥಿಂಗ್ ಅಲ್ಲ."

"ಅರ್ಥಿಂಗ್ ಅಂತ ಯಾರು ಹೇಳಿದ್ರು? ಆ ವೈರು ನೇತಾಡ್ತಾ ಇದೆಯಲ್ಲ, ಅದು ಎಲ್ಲಿಗೆ ಹೋಗ್ಬೇಕು?"

ಪ್ಲಗ್ಗಿನ ಮೇಲೆ ಕೂರಬೇಕಾಗಿದ್ದ ಟೋಪಿ ವೈರಿನ ತುದಿಯಲ್ಲಿ ಗಾಳಿಗೆ ತೂಗಾಡುತ್ತಿತ್ತು. ವಸಿಷ್ಠ ಅದನ್ನು ಒತ್ತಿ ಕೂರಿಸಿ ಒಂದು ಕಿಕ್ ಹೊಡೆದ. ಎಂಜಿನ್ ಹತ್ತಿಕೊಂಡಿತು.

ಆದರೆ ಟಕ್ ಟಕ್. ಟಕ್ ಟಕ್.

ವಸಿಷ್ಠನ ಮುಖ ಬಾಡಿತು. ಬೆಳಗಿನಿಂದ ಪಟ್ಟದ್ದೆಲ್ಲ ಇದಕ್ಕೇನಾ? ಬಗ್ಗಿ ಎಂಜಿನ್ನಿಗೆ ಕಿವಿಯಿಟ್ಟ. ಅಲ್ಲಿ ಶಬ್ದವಿರಲಿಲ್ಲ. ತಲೆಯೆತ್ತಿದ. ಚೂಡಾಮಣಿ ಮಿಸ್ ಆತಂಕ ತಡೆಯಲಾರದೆ ಗೇಟಿಗೆ ಸ್ಕೇಲಿನಿಂದ ಬಡಿಯುತ್ತ ನಿಂತಿದ್ದರು.

"ಮಿಸ್, ಒಂದ್ನಿಮಿಷ ಅದನ್ನ ನಿಲ್ಲಿಸ್ತೀರಾ?"

ಸ್ಕೇಲು ನಿಂತಿತು. ಟಕಟಕವೂ ನಿಂತಿತು. ಉಳಿದದ್ದು ಗಂಟಲೊಳಗೆ ಶ್ಲೋಕ ಹೇಳಿಕೊಳ್ಳುವವರಂಥ ಒಂದು ತೆಳ್ಳನೆಯ ಗುನುಗು. ಸೋಮಲಿಂಗಪ್ಪ ನಂಬದೆ ಹೊಗೆಕೊಳವೆಯ ಹಿಂದೆ ಕೈಯಿಟ್ಟು ನೋಡಿ, ಬಿಸಿ ತಾಗಿ, "ಓಡ್ತಾ ಇದೆ ಕಣ್ರೀ!" ಎಂದರು. ಸೀನು ಶಿಳ್ಳೆ ಹೊಡೆದ. ಮಿಸ್ "ವೆರಿ ಗುಡ್" ಎಂದರು. ಆ ಎರಡು ಪದ ಅವರ ಬಾಯಿಂದ ಸುಲಭಕ್ಕೆ ಬರುವಂಥವಲ್ಲ. ಬ್ಯಾಂಕಿನಲ್ಲಿ ಯಾರೂ ಹೇಳದಿದ್ದ ಆ ಮಾತು ಬೀದಿಯ ನಡುವೆ ಗ್ರೀಸು ಬಳಿದುಕೊಂಡ ಮೈಗೆ ಹೂಮಾಲೆ ಬಿದ್ದ ಹಾಗಾಯಿತು.

ಹೇಳಿದ ವೇಳೆಗೆ ವಿಷ್ಣು ಬಂದ. ಸಂಕೋಚದ ಮನುಷ್ಯ; ಮೊದಲ ಸಲ ಬರುವ ಮನೆಯೆಂದು ಒಂದು ಡಜನ್ ಬಾಳೆಹಣ್ಣು ತಂದಿದ್ದ. ವಸಿಷ್ಠ ಅವನ ಕೈಕುಲುಕಿದ. "ಕ್ಷಮಿಸ್ಬೇಕು ವಿಷ್ಣು. ನಿಮಗೆ ಸುಮ್ನೆ ತೊಂದರೆ ಆಯ್ತು. ಬೈಕು ಮಾರ್ತಾ ಇಲ್ಲ. ಶಬ್ದ ನಿಂತುಹೋಗಿದೆ."

"ಅಯ್ಯೋ ಪರವಾಗಿಲ್ಲ ಸಾರ್," ಎಂದ ವಿಷ್ಣು, ಮುಖ ಸಣ್ಣದು ಮಾಡಿಕೊಂಡು.

ವಿಭಾ ಕೆಳಗಿಳಿದು ಬಂದಳು. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಕಟ್ಟಿದ್ದಳು. ಕೈಯಲ್ಲಿ ಹೆಲ್ಮೆಟ್ ಇತ್ತು. ಎಂಜಿನ್ನಿನ ಹತ್ತಿರ ಬಗ್ಗಿ ಸ್ವಲ್ಪ ಹೊತ್ತು ಆಲಿಸಿದಳು.

"ನಿಜವಾಗ್ಲೂ ನಿಂತಿದೆ ರೀ. ಎಲ್ಲಿ, ಒಂದು ರೌಂಡ್ ನೋಡ್ತೀನಿ."

"ನೀನಾ? ನಿನಗೆ ಗೇರ್ ಗಾಡಿ ಬರುತ್ತಾ?"

"ಕಾಲೇಜಿನಲ್ಲಿ ಅಣ್ಣನ ಬೈಕು ನಾನೇ ಓಡಿಸ್ತಿದ್ದೆ. ಮದುವೆಗೆ ಮುಂಚೇನೇ ನಿಮಗೆ ಹೇಳಿದ್ದೆ. ಆಗ ನೀವು ಇದನ್ನ ತೊಳೀತಾ ಇದ್ರಿ."

ವಸಿಷ್ಠ ಎರಡೆರಡು ಸಲ ಒದ್ದರೂ ಮೇಲೇಳದ ದೊಡ್ಡ ಸ್ಟ್ಯಾಂಡು ಅವಳ ಒಂದೇ ತಳ್ಳಿಗೆ ಎದ್ದಿತು. ಕ್ಲಚ್ ಬಿಟ್ಟದ್ದು ಗೊತ್ತಾಗದಷ್ಟು ನಯವಾಗಿ ಹೊರಟು ಅವಳು ತಿರುವಿನಲ್ಲಿ ಮರೆಯಾದಳು. ವಸಿಷ್ಠ ಬಾಯಿ ತೆರೆದುಕೊಂಡೇ ನಿಂತಿದ್ದ.

ಒಂದು ರೌಂಡ್ ಎಂದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಮಿಸ್ ಎಲ್ಲರಿಗೂ ಕಾಫಿ ಕೊಟ್ಟರು, ಜೊತೆಗೆ ಬೆಳಗಿನ ಅಪಘಾತದಲ್ಲಿ ಗಾಯಗೊಂಡಿದ್ದ ಸಂಡಿಗೆಗಳನ್ನು ಕರಿದು ತಂದರು. ವಿಷ್ಣು ಬಾಳೆಹಣ್ಣು ಹಂಚಿದ. ವಸಿಷ್ಠ ಅವನಿಗೆ ಟೆನ್ಷನರಿನ ಕತೆಯನ್ನು ಮೊದಲಿಂದ ಹೇಳುತ್ತಿದ್ದ. ಅವಳು ಬಂದು ಬೆನ್ನಹಿಂದೆ ಗಾಡಿ ನಿಲ್ಲಿಸಿದ್ದು ಯಾರ ಕಿವಿಗೂ ಬೀಳಲಿಲ್ಲ.

"ಮಾರೋದು ಬೇಡವೇ ಬೇಡ ರೀ!" ಎಂದಳು. ಗಾಳಿಗೆ ಮುಖ ಕೆಂಪೇರಿತ್ತು. "ಹೊಸಕೆರೆಹಳ್ಳಿವರೆಗೂ ಹೋಗಿ ಬಂದೆ. ಏನ್ ಸ್ಮೂತ್ ಆಗಿದೆ! ಆ ಶಬ್ದಕ್ಕೆ ನಾಚಿಕೆಯಾಗಿ ನಾನು ಇಷ್ಟು ದಿನ ಇದನ್ನ ಮುಟ್ಟಿರಲಿಲ್ಲ, ಅಷ್ಟೇ."

ವಸಿಷ್ಠನ ಎದೆ ಉಬ್ಬಿತು. "ನಾನು ಹೇಳ್ಲಿಲ್ವಾ?"

"ಇನ್ಮೇಲೆ ಆಫೀಸಿಗೆ ನಾನು ಇದರಲ್ಲೇ ಹೋಗ್ತೀನಿ. ವಿಷ್ಣು, ನಿಮಗೆ ಗಾಡಿ ತಾನೇ ಬೇಕಾಗಿರೋದು? ನನ್ನ ಸ್ಕೂಟರ್ ತಗೊಂಡು ಹೋಗಿ."

ವಿಷ್ಣುವಿನ ಮುಖಕ್ಕೆ ಬೆಳಕು ಬಂತು. "ಅಯ್ಯೋ ಮೇಡಂ, ನಮ್ಮನೆಯವರಿಗೂ ಬೇಕಾಗಿದ್ದದ್ದು ಸ್ಕೂಟರೇ! ನಿಮ್ಮದನ್ನ ಕೇಳೋಕೆ ಬಾಯಿ ಬಂದಿರಲಿಲ್ಲ."

ಎಲ್ಲವೂ ಸೋಮಲಿಂಗಪ್ಪನವರ ಕಾಫಿ ಲೋಟ ಖಾಲಿಯಾಗುವುದರೊಳಗೆ ಮುಗಿದುಹೋಯಿತು. ಸೀನು ಸ್ಕೂಟರನ್ನು ಹೊರಗೆ ತಂದುಕೊಟ್ಟ. ಅವಶ್ಯಕತೆಯಿಲ್ಲದಿದ್ದರೂ ಹಿಂಭಾಗ ಎತ್ತಿಕೊಂಡೇ ತಂದ. ಸೋಮಲಿಂಗಪ್ಪ ಖಾಲಿಯಾದ ಜಾಗ ನೋಡಿ ತೃಪ್ತಿಯಿಂದ ತಲೆಯಾಡಿಸಿದರು. ವಿಷ್ಣು ಸ್ಕೂಟರ್ ಏರಿ ಕೈಬೀಸಿ ಹೋದ.

"ಅಲ್ಲ, ನಾನು?" ಎಂದ ವಸಿಷ್ಠ. ಕೈಯಲ್ಲಿ ಇನ್ನೂ ಸ್ಪ್ಯಾನರ್ ಇತ್ತು.

"ಜೆಪಿ ನಗರಕ್ಕೆ ಹೋಗೋಳು ನಾನು, ನಿಮ್ಮ ಬ್ಯಾಂಕು ದಾರೀಲೇ ಇದೆಯಲ್ಲ. ಬಿಟ್ಟು ಹೋಗ್ತೀನಿ."

ಸೋಮವಾರ ಬೆಳಿಗ್ಗೆ ಬೀದಿಯವರೆಲ್ಲ ಗೇಟಿಗೆ ಬಂದು ನೋಡಿದರು. ಮುಂದೆ ವಿಭಾ. ಹಿಂದೆ ತೊಡೆಯ ಮೇಲೆ ಎರಡು ಊಟದ ಡಬ್ಬಿಗಳ ಚೀಲ ಇಟ್ಟುಕೊಂಡು ವಸಿಷ್ಠ. ಮೊದಲ ತಿರುವಿನವರೆಗೆ ಅವನಿಗೆ ತಲೆಯೆತ್ತಲಾಗಲಿಲ್ಲ. ಕತ್ರಿಗುಪ್ಪೆ ಸಿಗ್ನಲ್ಲಿಗೆ ಬರುವಷ್ಟರಲ್ಲಿ ನಿಧಾನವಾಗಿ ಕಿವಿ ತೆರೆದುಕೊಂಡಿತು. ಸುತ್ತ ನಿಂತ ಗಾಡಿಗಳೆಲ್ಲ ಗುಡುಗುಟ್ಟುತ್ತಿದ್ದವು. ಅವನ ಕೆಳಗೆ ಶರಭ ಮಾತ್ರ ಹೊಟ್ಟೆ ತುಂಬಿದ ಬೆಕ್ಕಿನಂತೆ ಗುರುಗುಡುತ್ತಿತ್ತು. ತಾನು ಇಷ್ಟು ವರ್ಷ ಓಡಿಸಿದ ಗಾಡಿಯ ಹಿಂದಿನ ಸೀಟು ಇಷ್ಟು ಮೆತ್ತಗಿದೆ ಎಂಬುದೂ ಅವನಿಗೆ ಅಂದೇ ತಿಳಿದದ್ದು. ಮೈ ಸಡಿಲ ಬಿಟ್ಟು, ಅವಳ ಭುಜದ ಮೇಲಿಂದ ಮುಂದೆ ಬಗ್ಗಿದ.

"ಕೇಳಿದ್ಯಾ ವಿಭಾ? ಒಂದು ಚೂರೂ ಶಬ್ದ ಇಲ್ಲ!"

"ಎಂಜಿನ್‌ದು ಇಲ್ಲ ರೀ," ಎಂದಳು ವಿಭಾ, ಗೇರು ಹಾಕುತ್ತ. "ಈಗ ಹಿಂದಿನಿಂದ ಮಾತ್ರ ಬರ್ತಾ ಇದೆ. ಸ್ವಲ್ಪ ಸುಮ್ನೆ ಕೂತ್ಕೊಳ್ಳಿ."